ಮೂರು ಚಕ್ರದ ಮೋಟಾರ್‌ಸೈಕಲ್‌ನ ಸಸ್ಪೆನ್ಷನ್ ಸುಧಾರಣೆ: ಅಳತೆಯಿಂದ ಅಲೈನ್‌ಮೆಂಟ್‌ವರೆಗೆ

ಎರಡು ಚಕ್ರದ ಬೈಕ್ ತಿರುವಿನಲ್ಲಿ ಒಳಗೆ ವಾಲಿ, ಹೊರಕ್ಕೆ ಎಳೆಯುವ ಬಲವನ್ನು ಸರಿದೂಗಿಸಿಕೊಳ್ಳುತ್ತದೆ. ಟ್ರೈಕ್‌ಗೆ ಆ ಅನುಕೂಲವಿಲ್ಲ. ಅದು ನೆಟ್ಟಗೆ ನಿಂತೇ ತಿರುಗಬೇಕು, ಹೊರಗಿನ ಚಕ್ರದ ಮೇಲೆ ಭಾರ ಹೇರಿಕೊಳ್ಳಬೇಕು, ದೇಹ ಹೊರಗೆ ಒರಗುವುದನ್ನು ಸ್ಪ್ರಿಂಗ್‌ಗಳ ಬಲದಿಂದಲೇ ತಡೆಯಬೇಕು. ಸವಾರರಿಗೆ ಇದು ಹ್ಯಾಂಡಲ್ ಹಿಡಿದು ನೇತಾಡಿದಂತೆ, ಹಿಂಭಾಗ ತೇಲಿದಂತೆ, ಒಳಚಕ್ರ ಹಗುರಾದಂತೆ ಅನುಭವಕ್ಕೆ ಬರುತ್ತದೆ. ಕೂಡಲೇ ಹೊಳೆಯುವ ಪರಿಹಾರ ಗಟ್ಟಿ ಸ್ಪ್ರಿಂಗ್, ದುಬಾರಿ ಶಾಕ್ ಅಬ್ಸಾರ್ಬರ್. ಇದನ್ನು ನಾನು ಒಪ್ಪುವುದಿಲ್ಲ. ಗಟ್ಟಿ ಮಾಡುವುದೇ ಸುಧಾರಣೆಯಲ್ಲ. ಟೈರ್ ರಸ್ತೆಯನ್ನು ಬಿಡದಂತೆ ನೋಡಿಕೊಳ್ಳುವುದು ಸಸ್ಪೆನ್ಷನ್‌ನ ಮೊದಲ ಕೆಲಸ. ದೇಹ ಒರಗದಂತೆ ಹಿಡಿಯುವುದು ಎರಡನೆಯದು. ಈ ಕ್ರಮ ತಲೆಕೆಳಗಾದರೆ ದುಡ್ಡು ಖರ್ಚಾಗುತ್ತದೆ, ಹಿಡಿತ ಮಾತ್ರ ಕಡಿಮೆಯಾಗುತ್ತದೆ.

ಈ ಬರಹ ವಾಲದ ಟ್ರೈಕ್‌ಗಳಿಗೆ ಸಂಬಂಧಿಸಿದ್ದು. ಅಂದರೆ ಹಿಂದೆ ಎರಡು ಚಕ್ರವಿರುವ, ಹಾರ್ಲೆ-ಡೇವಿಡ್‌ಸನ್ ಟ್ರೈ ಗ್ಲೈಡ್‌ನಂಥ ಡೆಲ್ಟಾ ವಿನ್ಯಾಸ ಮತ್ತು ಮುಂದೆ ಎರಡು ಚಕ್ರವಿರುವ, ಕ್ಯಾನ್-ಆಮ್ ಸ್ಪೈಡರ್‌ನಂಥ ಟ್ಯಾಡ್‌ಪೋಲ್ ವಿನ್ಯಾಸ. ಪಿಯಾಜಿಯೊ ಎಂಪಿ3, ಯಮಾಹಾ ನಿಕೆನ್ ಮುಂತಾದವು ಮುಂದೆ ಎರಡು ಚಕ್ರವಿದ್ದರೂ ಬೈಕ್‌ನಂತೆಯೇ ವಾಲುತ್ತವೆ. ಅವುಗಳ ಮುಂಭಾಗದ ಲಿಂಕ್ ವ್ಯವಸ್ಥೆಯ ಲೆಕ್ಕವೇ ಬೇರೆ, ಇಲ್ಲಿನ ಸ್ವೇ ಬಾರ್ (ಎಡಬಲದ ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳು) ಸಲಹೆಗಳನ್ನು ಅವುಗಳಿಗೆ ಅನ್ವಯಿಸಬೇಡಿ.

ಮೊದಲು ತಿಳಿಯಬೇಕಾದ ಲೆಕ್ಕ

ಒಂಟಿ ಚಕ್ರವಿರುವ ತುದಿ, ಅದು ಮುಂದಿರಲಿ ಹಿಂದಿರಲಿ, ಒರಗುವುದನ್ನು ತಡೆಯಲಾರದು. ಆ ಹೊಣೆ ಪೂರ್ತಿಯಾಗಿ ಜೋಡಿ ಚಕ್ರಗಳ ತುದಿಯದು. ಹೀಗಾಗಿ ಟ್ಯಾಡ್‌ಪೋಲ್‌ನ ಹಿಂದಿನ ಶಾಕ್‌ಗೆ ಎಷ್ಟೇ ಖರ್ಚು ಮಾಡಿದರೂ ತಿರುವಿನ ಒರಗುವಿಕೆ ಕಡಿಮೆಯಾಗುವುದಿಲ್ಲ. ಡೆಲ್ಟಾದ ಮುಂದಿನ ಫೋರ್ಕ್‌ನ ವಿಷಯವೂ ಅಷ್ಟೇ. ಅಲ್ಲಿನ ಸುಧಾರಣೆಗಳಿಂದ ಆರಾಮ, ಬ್ರೇಕಿನ ಹಿಡಿತ, ಸ್ಟೀರಿಂಗ್ ಸ್ಪಷ್ಟತೆ ಸಿಗುತ್ತವೆ.

ಇನ್ನೂ ಮುಖ್ಯವಾದದ್ದು ಮಗುಚುವ ಮಿತಿ. ಗಟ್ಟಿ ಸ್ಪ್ರಿಂಗ್ ಅಥವಾ ದಪ್ಪ ಸ್ವೇ ಬಾರ್ ಹಾಕಿದರೆ ವಾಹನ ಚಪ್ಪಟೆಯಾಗಿ ತಿರುಗುತ್ತದೆ, ಆದರೆ ಹೊರಚಕ್ರಕ್ಕೆ ವರ್ಗವಾಗುವ ಭಾರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮಿತಿಯನ್ನು ನಿರ್ಧರಿಸುವ ಸಂಗತಿಗಳು ಮೂರು: ಜೋಡಿ ಚಕ್ರಗಳ ನಡುವಿನ ಅಗಲ, ಗುರುತ್ವ ಕೇಂದ್ರದ ಎತ್ತರ, ಒಟ್ಟು ತೂಕದಲ್ಲಿ ಜೋಡಿ ಚಕ್ರಗಳ ಮೇಲಿರುವ ಪಾಲು. ಅಗಲದ ಅರ್ಧವನ್ನು ಆ ಪಾಲಿನಿಂದ ಗುಣಿಸಿ, ಎತ್ತರದಿಂದ ಭಾಗಿಸಿದರೆ ವಾಹನ ಮಗುಚದೆ ತಾಳಬಲ್ಲ ಪಕ್ಕದ ಬಲದ ಸ್ಥೂಲ ಅಂದಾಜು ಸಿಗುತ್ತದೆ. ಉದಾಹರಣೆಗೆ 1300 ಮಿ.ಮೀ. ಅಗಲ, 500 ಮಿ.ಮೀ. ಎತ್ತರ, ಜೋಡಿಯ ಮೇಲೆ ಶೇ. 60 ಭಾರ ಎಂದುಕೊಳ್ಳಿ: 650 × 0.6 ÷ 500, ಅಂದರೆ 0.78 ಜಿ (ಗುರುತ್ವ ಬಲದ 0.78 ಪಟ್ಟು). ಟ್ಯಾಡ್‌ಪೋಲ್‌ನಲ್ಲಿ ಹಿಂಬದಿ ಸವಾರ ಕುಳಿತು, ಸಾಮಾನು ತುಂಬಿ, ಮುಂದಿನ ಪಾಲು ಶೇ. 50ಕ್ಕೆ ಇಳಿದರೆ ಅದೇ ವಾಹನದ ಮಿತಿ 0.65 ಜಿ ಆಗುತ್ತದೆ. ಎತ್ತರವೂ ಏರಿದ್ದರೆ ಇನ್ನೂ ಕಡಿಮೆ. ಚಪ್ಪಟೆಯಾಗಿ ತಿರುಗುವ ವಾಹನ ಸವಾರನಿಗೆ ಹೆಚ್ಚು ಧೈರ್ಯ ಕೊಡುತ್ತದೆ, ಮಿತಿ ಮಾತ್ರ ಇದ್ದಲ್ಲೇ ಇರುತ್ತದೆ. ಸಸ್ಪೆನ್ಷನ್ ಬದಲಿಸುವ ಪ್ರತಿಯೊಬ್ಬರೂ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಡೆಲ್ಟಾ ಓಡಿಸುವವರಿಗೆ ಇನ್ನೊಂದು ಎಚ್ಚರಿಕೆ. ತಿರುವಿನ ನಡುವೆ ಬ್ರೇಕ್ ಹಿಡಿದರೆ ಭಾರ ಮುಂದಕ್ಕೆ ಮತ್ತು ಹೊರಕ್ಕೆ ಸರಿಯುತ್ತದೆ, ಅಲ್ಲಿ ಆಸರೆಯ ಚಕ್ರವೇ ಇಲ್ಲ. ಮೂರು ಕಾಲಿನ ಸ್ಟೂಲಿನ ಎರಡು ಕಾಲುಗಳ ನಡುವಿನ ಖಾಲಿ ಅಂಚಿನ ಮೇಲೆ ಕುಳಿತಂತೆ. ಯಾವ ಶಾಕ್ ಕೂಡ ಇದನ್ನು ಬದಲಿಸದು. ತಿರುವಿಗೆ ಮೊದಲೇ ವೇಗ ಇಳಿಸುವ ಅಭ್ಯಾಸವನ್ನು ಬಿಡಬೇಡಿ.

ಹಂತ 1: ಏನನ್ನೂ ಕೊಳ್ಳುವ ಮೊದಲು ಪರಿಶೀಲನೆ

ಟೈರ್‌ಗಳಿಂದ ಆರಂಭಿಸಿ. ಟೈರ್ ಕೂಡ ಒಂದು ಸ್ಪ್ರಿಂಗೇ. ಟ್ರೈಕ್‌ನ ಜೋಡಿ ಚಕ್ರಗಳ ಟೈರ್‌ಗಳು ಕಾರಿನ ಟೈರ್‌ಗಳಂತೆ ಕಾಣುತ್ತವೆ, ಆದರೆ ಅವು ಹೊರುವ ಭಾರ ಕಾರಿಗಿಂತ ತುಂಬಾ ಕಡಿಮೆ. ಕಾರಿನ ಲೆಕ್ಕದಲ್ಲಿ ಗಾಳಿ ತುಂಬಿದರೆ ಟೈರ್ ನಡುಭಾಗದಲ್ಲಷ್ಟೇ ರಸ್ತೆಗೆ ತಾಗುತ್ತದೆ, ಪುಟಿಯುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ತಯಾರಕರು ಸ್ಟಿಕ್ಕರ್‌ನಲ್ಲಿ ಕೊಟ್ಟ ಒತ್ತಡವನ್ನು ಟೈರ್ ತಣ್ಣಗಿರುವಾಗ ತುಂಬಿಸಿ, ಎಡಬಲ ಒಂದೇ ಇದೆಯೇ ಎಂದು ನೋಡಿ. ಶಾಕ್‌ನ ದೋಷವೆಂದು ದೂರುವ ಎಷ್ಟೋ ತೊಂದರೆಗಳು ಇಲ್ಲಿಗೇ ಮುಗಿಯುತ್ತವೆ.

ನಂತರ ಸವೆಯುವ ಭಾಗಗಳು. ಜೋಡಿ ಚಕ್ರಗಳ ತುದಿಯನ್ನು ಎತ್ತಿ, ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್‌ಗಳ ಮೇಲೆ ಇಳಿಸಿ, ಒಂಟಿ ಚಕ್ರಕ್ಕೆ ಎರಡೂ ಕಡೆ ಅಡ್ಡಗಟ್ಟೆ ಕೊಡಿ. ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲ್ಲಾಡಿಸಿ: ಸಡಿಲ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ ಮತ್ತು ಬಲ ಬದಿಗೆ ಹಿಡಿದು ಅಲ್ಲಾಡಿಸಿ: ಟ್ಯಾಡ್‌ಪೋಲ್‌ನಲ್ಲಿ ಆಟ ಕಂಡರೆ ಟೈ ರಾಡ್ ತುದಿ. ಸ್ವಿಂಗ್‌ಆರ್ಮ್ ಬುಷ್, ಸ್ಟೀರಿಂಗ್ ಹೆಡ್ ಬೇರಿಂಗ್, ಸ್ವೇ ಬಾರ್ ಲಿಂಕ್‌ಗಳನ್ನೂ ನೋಡಿ. ಶಾಕ್‌ನ ದಂಡದ ಮೇಲೆ ಎಣ್ಣೆಯ ಪಸೆ, ಅದಕ್ಕೆ ಅಂಟಿದ ಧೂಳು ಕಂಡರೆ ಸೀಲ್ ಹೋಗಿದೆ. ಸವೆದ ಬುಷ್‌ಗಳ ಮೇಲೆ ಹೊಸ ಶಾಕ್ ಹಾಕುವುದು ವ್ಯರ್ಥ.

ಹಂತ 2: ಸ್ಯಾಗ್ ಅಳೆಯುವುದು

ಇಡೀ ಕೆಲಸದ ಅಡಿಪಾಯ ಇದು. ಹೆಚ್ಚಿನವರು ಹಾರಿಸಿಬಿಡುವ ಹಂತವೂ ಇದೇ. ಬೇಕಾದದ್ದು ಒಂದು ಟೇಪ್, ಕಾಗದ, ಪೆನ್ನು, ಸಹಾಯಕ್ಕೆ ಒಬ್ಬರು. ಸವಾರನ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಕುಸಿಯುತ್ತದೆ ಎಂಬುದೇ ಸ್ಯಾಗ್.

ಚಕ್ರದ ಆ್ಯಕ್ಸಲ್‌ನ ನಡುಬಿಂದುವಿನಿಂದ ನೇರ ಮೇಲಕ್ಕೆ, ದೇಹದ ಕದಲದ ಭಾಗವೊಂದರಲ್ಲಿ ಟೇಪ್ ಅಂಟಿಸಿ ಗುರುತು ಮಾಡಿ. ಚಕ್ರ ಪೂರ್ತಿ ತೂಗುವಂತೆ ವಾಹನವನ್ನು ಎತ್ತಿ ಅಳೆಯಿರಿ. ಬಳಿಕ ಕೆಳಗಿಳಿಸಿ, ಎಂದಿನ ಉಡುಪು ಮತ್ತು ಹೆಲ್ಮೆಟ್ ಸಹಿತ ಸವಾರ ಕುಳಿತ ಸ್ಥಿತಿಯಲ್ಲಿ ಅಳೆಯಿರಿ. ಇಲ್ಲೊಂದು ಸೂಕ್ಷ್ಮವಿದೆ: ಸೀಲ್ ಮತ್ತು ಬುಷ್‌ಗಳ ಘರ್ಷಣೆಯಿಂದ ಸಸ್ಪೆನ್ಷನ್ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಒಮ್ಮೆ ಕೆಳಗೆ ಒತ್ತಿ, ನಿಧಾನ ಮೇಲೇಳಲು ಬಿಟ್ಟು ಅಳೆಯಿರಿ. ಇನ್ನೊಮ್ಮೆ ಮೇಲಕ್ಕೆತ್ತಿ, ನಿಧಾನ ಕೆಳಗಿಳಿಯಲು ಬಿಟ್ಟು ಅಳೆಯಿರಿ. ಎರಡರ ಸರಾಸರಿಯೇ ನಿಜವಾದ ಅಳತೆ.

ಉದಾಹರಣೆಗೆ ಚಕ್ರ ತೂಗುವಾಗ 600 ಮಿ.ಮೀ., ಸವಾರ ಕುಳಿತಾಗ ಒತ್ತಿ ಬಿಟ್ಟರೆ 562, ಎತ್ತಿ ಬಿಟ್ಟರೆ 568. ಒತ್ತಿ ಬಿಟ್ಟಾಗಲೂ ಎತ್ತಿ ಬಿಟ್ಟಾಗಲೂ ದೇಹ ಎಲ್ಲಿ ನಿಂತಿತೆಂದು ಎರಡೆರಡು ಸಲ ನೋಡಿ; ಸಂಖ್ಯೆಗಳು ಮರುಕಳಿಸಬೇಕು. ಸರಾಸರಿ 565, ಸ್ಯಾಗ್ 35 ಮಿ.ಮೀ. ಚಕ್ರದ ಒಟ್ಟು ಚಲನೆ 120 ಮಿ.ಮೀ. ಇದ್ದರೆ ಇದು ಸುಮಾರು ಶೇ. 29. ರಸ್ತೆಯ ಬಳಕೆಗೆ ಶೇ. 30ರ ಆಸುಪಾಸು ಒಳ್ಳೆಯ ಆರಂಭ. ಎರಡು ಅಳತೆಗಳ ನಡುವಿನ ಅಂತರ ತೀರಾ ದೊಡ್ಡದಿದ್ದರೆ ಎಲ್ಲೋ ಬುಷ್ ಬಿಗಿದುಕೊಂಡಿದೆ ಅಥವಾ ಫೋರ್ಕ್ ಓರೆಯಾಗಿ ಕಟ್ಟಿಕೊಂಡಿದೆ ಎಂದರ್ಥ. ಮೊದಲು ಅದನ್ನು ಬಿಡಿಸಿ.

ಮೂರೂ ಚಕ್ರಗಳಲ್ಲಿ ಅಳೆಯಿರಿ. ಎಡಬಲದ ಸ್ಯಾಗ್ ಬೇರೆಬೇರೆಯಾಗಿದ್ದರೆ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಪ್ರಮಾಣ) ತಿರುಗಿಸಿ ಸಮ ಮಾಡುವ ಮುನ್ನ ಕಾರಣ ಹುಡುಕಿ: ಒಂದು ಬದಿಯ ಸ್ಪ್ರಿಂಗ್ ಸೋತಿರಬಹುದು, ಸಾಮಾನಿನ ಪೆಟ್ಟಿಗೆಯ ತೂಕ ಒಂದೇ ಕಡೆ ಇರಬಹುದು, ನೆಲವೇ ಓರೆಯಿರಬಹುದು.

ಹಂತ 3: ಸ್ಪ್ರಿಂಗ್ ಆರಿಸುವುದು

ಪ್ರೀಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಪ್ರೀಲೋಡ್ ವಾಹನ ನಿಲ್ಲುವ ಎತ್ತರವನ್ನು ಬದಲಿಸುತ್ತದೆ, ಸ್ಪ್ರಿಂಗ್‌ನ ಗಡಸುತನವನ್ನಲ್ಲ. ಸರಿಯಾದ ಸ್ಯಾಗ್ ಪಡೆಯಲು ಪ್ರೀಲೋಡನ್ನು ಕೊನೆಯವರೆಗೂ ತಿರುಗಿಸಬೇಕಾಗಿ ಬಂದರೆ, ಆಗ ಸ್ಪ್ರಿಂಗ್ ಮೃದುವೆಂದು ಸಾಬೀತಾಯಿತು. ಪ್ರೀಲೋಡ್ ಪೂರ್ತಿ ಸಡಿಲಿಸಿದರೂ ವಾಹನ ಕುಸಿಯದಿದ್ದರೆ ಸ್ಪ್ರಿಂಗ್ ಅತಿ ಗಟ್ಟಿ.

ಅಳೆಯಲು ಅಗ್ಗದ ಸಾಧನವೊಂದಿದೆ. ಶಾಕ್‌ನ ದಂಡಕ್ಕೆ ಅಥವಾ ಫೋರ್ಕ್ ಕೊಳವೆಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈಯನ್ನು ಬಿಗಿಯಾಗಿ ಆದರೆ ಸರಿಯುವಂತೆ ಕಟ್ಟಿ, ಸೀಲ್‌ವರೆಗೆ ತಳ್ಳಿ, ಎಂದಿನ ದಾರಿಯಲ್ಲಿ ಸವಾರಿ ಮಾಡಿ ಬನ್ನಿ. ಟೈ ಎಲ್ಲಿಗೆ ಸರಿದಿದೆಯೋ ಅಷ್ಟು ಚಲನೆ ಬಳಕೆಯಾಗಿದೆ. ತುದಿಯವರೆಗೆ ಸರಿದಿದ್ದರೆ ಸಸ್ಪೆನ್ಷನ್ ನೆಲಕಚ್ಚುತ್ತಿದೆ. ಕೆಟ್ಟ ಗುಂಡಿಯಲ್ಲೂ ಅರ್ಧದಷ್ಟು ಮಾತ್ರ ಸರಿದರೆ, ಈಗಿರುವುದೇ ಅಗತ್ಯಕ್ಕಿಂತ ಗಟ್ಟಿ. ಇನ್ನಷ್ಟು ಗಟ್ಟಿ ಸ್ಪ್ರಿಂಗ್ ಕೊಳ್ಳುವ ಯೋಚನೆಯನ್ನು ಕೈಬಿಡಿ.

ಸ್ಪ್ರಿಂಗ್ ಕೊಳ್ಳುವಾಗ ಲೀವರ್ ಅನುಪಾತವನ್ನು ಮರೆಯಬೇಡಿ. ಚಕ್ರ 50 ಮಿ.ಮೀ. ಏರಿದಾಗ ಶಾಕ್ 25 ಮಿ.ಮೀ. ಮಾತ್ರ ಕುಗ್ಗಿದರೆ ಅನುಪಾತ 0.5. ಚಕ್ರಕ್ಕೆ ತಿಳಿಯುವ ಗಡಸುತನ ಈ ಅನುಪಾತದ ವರ್ಗಕ್ಕೆ ತಕ್ಕಂತೆ, ಅಂದರೆ ಸ್ಪ್ರಿಂಗ್‌ನ ಕಾಲುಭಾಗ. ಬೇರೆ ವಾಹನದ ಶಾಕನ್ನು ಉದ್ದ ಹೊಂದುತ್ತದೆಂಬ ಒಂದೇ ಕಾರಣಕ್ಕೆ ಹಾಕಿದರೆ ಎಡವುವುದು ಇಲ್ಲೇ.

ಡೆಲ್ಟಾ ಟ್ರೈಕ್‌ಗಳಲ್ಲಿ ಹಿಂದೆ ಗಾಳಿ ತುಂಬುವ ಶಾಕ್‌ಗಳಿದ್ದರೆ ಅವುಗಳ ಕೊಳವೆಯ ಜಾಡು ಹಿಡಿದು ನೋಡಿ. ಎರಡೂ ಬದಿಯನ್ನು ಒಂದೇ ಕೊಳವೆಯಿಂದ ಜೋಡಿಸಿದ್ದರೆ, ತಿರುವಿನಲ್ಲಿ ಹೊರಬದಿಯ ಶಾಕ್ ಕುಗ್ಗಿದಾಗ ಅದರ ಗಾಳಿ ಒಳಬದಿಗೆ ಹರಿದು, ಒರಗುವುದನ್ನು ತಡೆಯುವ ಬದಲು ಒರಗಲು ನೆರವಾಗುತ್ತದೆ. ಎಡಬಲಕ್ಕೆ ಪ್ರತ್ಯೇಕ ಕೊಳವೆ ಮತ್ತು ವಾಲ್ವ್ ಹಾಕಿಸುವುದು ಸಣ್ಣ ಕೆಲಸ, ಫಲ ದೊಡ್ಡದು.

ಹಂತ 4: ಶಾಕ್ ಬದಲಾವಣೆ

ಒಂದು ಸಲಕ್ಕೆ ಒಂದೇ ಬದಿಯನ್ನು ಬಿಚ್ಚಿ. ವಾಷರ್, ಸ್ಪೇಸರ್‌ಗಳ ಜಾಗ ಮರೆತರೆ ಇನ್ನೊಂದು ಬದಿ ನೋಡಿ ತಿಳಿಯಬಹುದು. ಬಿಚ್ಚುವ ಮುನ್ನ ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಳ್ಳಿ. ಚಕ್ರದ ಭಾರ ಶಾಕ್‌ನ ಬೋಲ್ಟ್ ಮೇಲಿರುವಾಗ ಸುತ್ತಿಗೆಯಿಂದ ಹೊಡೆದು ಹೊರತೆಗೆಯಬೇಡಿ. ಚಕ್ರದ ಕೆಳಗೆ ಚಿಕ್ಕ ಜಾಕ್ ಇಟ್ಟು ಮೆಲ್ಲನೆ ಏರಿಸಿ ಇಳಿಸಿದರೆ ಬೋಲ್ಟ್ ತಾನಾಗಿ ಸಡಿಲವಾಗುವ ಒಂದು ಬಿಂದು ಸಿಗುತ್ತದೆ. ಕಂಪ್ರೆಸರ್ ಉಪಕರಣವಿಲ್ಲದೆ ಸ್ಪ್ರಿಂಗ್ ಬೇರ್ಪಡಿಸಬೇಡಿ. ಗ್ಯಾಸ್ ತುಂಬಿದ ಶಾಕನ್ನು ಮನೆಯಲ್ಲಿ ತೆರೆಯಲೇಬೇಡಿ.

ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಚಕ್ರ ತೂಗಾಡುವಾಗಲೇ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ವಾಹನ ನೆಲಕ್ಕಿಳಿದಾಗ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ, ಬೇಗ ಹರಿಯುತ್ತದೆ, ಸ್ಯಾಗ್ ಅಳತೆಯನ್ನೂ ಕೆಡಿಸುತ್ತದೆ. ಕೈಬಿಗಿ ಮಾಡಿ, ನೆಲಕ್ಕಿಳಿಸಿ, ಸವಾರ ಕುಳಿತ ಎತ್ತರದಲ್ಲಿ ಟಾರ್ಕ್ ರೆಂಚ್‌ನಿಂದ ಸರ್ವಿಸ್ ಕೈಪಿಡಿ ಹೇಳಿದಷ್ಟು ಬಿಗಿಯಿರಿ. ನೈಲಾನ್ ಇರುವ ಲಾಕ್ ನಟ್‌ಗಳನ್ನು ಹೊಸದಾಗಿ ಹಾಕಿ. ಕೊನೆಗೆ ಚಕ್ರವನ್ನು ಪೂರ್ತಿ ತೂಗಿಸಿ, ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಎಲ್ಲೂ ಎಳೆಯದಂತೆ, ಉಜ್ಜದಂತೆ ಇವೆಯೇ ಎಂದು ಬೆರಳಿಟ್ಟು ಪರೀಕ್ಷಿಸಿ.

ಹಂತ 5: ಸ್ವೇ ಬಾರ್

ಆ್ಯಂಟಿ-ರೋಲ್ ಬಾರ್ ಎಂದೂ ಕರೆಯುವ ಇದು ಎಡಬಲದ ಚಕ್ರಗಳನ್ನು ಕಟ್ಟಿಹಾಕುವ ಉಕ್ಕಿನ ಸರಳು. ಎರಡೂ ಚಕ್ರ ಒಟ್ಟಿಗೆ ಏರಿದರೆ ಸುಮ್ಮನಿರುತ್ತದೆ. ಒಂದು ಮಾತ್ರ ಏರಿದಾಗ ತಿರುಚಿಕೊಂಡು ಪ್ರತಿರೋಧಿಸುತ್ತದೆ. ಸ್ಪ್ರಿಂಗ್‌ಗಳನ್ನು ಮೃದುವಾಗಿಯೇ ಉಳಿಸಿಕೊಂಡು ಒರಗುವಿಕೆ ತಗ್ಗಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ, ಟ್ಯಾಡ್‌ಪೋಲ್‌ಗಳಲ್ಲಂತೂ ನನ್ನ ಮೊದಲ ಶಿಫಾರಸು ಇದೇ. ಘನ ಸರಳಿನ ಗಡಸುತನ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ: 20 ಮಿ.ಮೀ.ನಿಂದ 22 ಮಿ.ಮೀ.ಗೆ ಹೋದರೆ ಸುಮಾರು ಶೇ. 46 ಹೆಚ್ಚು. ಕಣ್ಣಿಗೆ ಕಾಣದಷ್ಟು ವ್ಯತ್ಯಾಸವೂ ರಸ್ತೆಯಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ, ಹಾಗಾಗಿ ಸಿಗುವ ಅತಿ ದಪ್ಪದ ಬಾರ್‌ಗೆ ಆಸೆಪಡಬೇಡಿ. ಬಾರ್ ಅತಿ ಗಟ್ಟಿಯಾದರೆ ಒಂದು ಚಕ್ರ ಗುಂಡಿಗೆ ಬಿದ್ದಾಗ ಇನ್ನೊಂದೂ ಅಲುಗುತ್ತದೆ, ಒಳಚಕ್ರ ಬೇಗ ನೆಲ ಬಿಡುತ್ತದೆ.

ಬಾರ್‌ನ ಬ್ರಾಕೆಟ್, ಬುಷ್, ಲಿಂಕ್‌ಗಳು ಅಷ್ಟೇ ಗಟ್ಟಿಯಾಗಿರಬೇಕು. ತಯಾರಕರ ಪ್ಲಾಸ್ಟಿಕ್ ಲಿಂಕ್ ಉಳಿಸಿಕೊಂಡು ಬಾರ್ ಮಾತ್ರ ದಪ್ಪ ಮಾಡಿದರೆ, ಮೊದಲು ಬಾಗುವುದು ಲಿಂಕೇ. ಲಿಂಕ್‌ಗಳನ್ನು ಜೋಡಿಸುವಾಗ ವಾಹನ ಸಮನೆಲದಲ್ಲಿ ನಿಂತಿರಬೇಕು. ಎರಡೂ ಬೋಲ್ಟ್‌ಗಳು ಒತ್ತಾಯವಿಲ್ಲದೆ ತೂರಬೇಕು. ಒಂದು ಬದಿಯಲ್ಲಿ ಎಳೆದು ತೂರಿಸಿದರೆ ನಿಂತಲ್ಲೇ ಬಾರ್ ತಿರುಚಿಕೊಂಡಿರುತ್ತದೆ, ಎಡತಿರುವು ಬಲತಿರುವುಗಳಲ್ಲಿ ವರ್ತನೆ ಬೇರೆಯಾಗುತ್ತದೆ.

ಹಂತ 6: ಡೆಲ್ಟಾದ ಮುಂಭಾಗ

ಬೈಕಿನ ಫೋರ್ಕ್ ವಾಲಿ ತಿರುಗಲೆಂದು ರೂಪುಗೊಂಡದ್ದು. ಟ್ರೈಕ್‌ನಲ್ಲಿ ಅದೇ ಫೋರ್ಕ್ ನೆಟ್ಟಗಿದ್ದು ಪಕ್ಕದ ಬಲ ಹೊರಬೇಕು, ಹ್ಯಾಂಡಲನ್ನು ಸವಾರ ನೇರವಾಗಿ ತಿರುವಿನ ಕಡೆಗೇ ತಿರುಗಿಸಬೇಕು. ಬೈಕಿಗೆ ಹೊಂದುವ ಟ್ರೇಲ್, ಅಂದರೆ ಸ್ಟೀರಿಂಗ್ ಅಕ್ಷ ನೆಲ ಮುಟ್ಟುವ ಬಿಂದುವಿನಿಂದ ಟೈರ್ ಎಷ್ಟು ಹಿಂದೆ ತಾಗುತ್ತದೆ ಎಂಬ ದೂರ, ಟ್ರೈಕ್‌ನಲ್ಲಿ ಹ್ಯಾಂಡಲನ್ನು ಭಾರ ಮಾಡುತ್ತದೆ. ಬೈಕನ್ನು ಟ್ರೈಕ್ ಮಾಡಿಸಿಕೊಂಡವರ ತೋಳು ನೋಯುವುದು ಇದರಿಂದಲೇ. ಪರಿಹಾರ ರೇಕ್ ಕಿಟ್: ಫೋರ್ಕನ್ನು ಇನ್ನಷ್ಟು ಮುಂದಕ್ಕೆ ಓರೆಯಾಗಿಸುವ ಟ್ರಿಪಲ್ ಕ್ಲ್ಯಾಂಪ್‌ಗಳು. ಇವು ಟ್ರೇಲ್ ತಗ್ಗಿಸಿ ಸ್ಟೀರಿಂಗ್ ಹಗುರ ಮಾಡುತ್ತವೆ. ಟ್ರೇಲ್ ಅತಿಯಾಗಿ ತಗ್ಗಿದರೆ ನಿಧಾನ ವೇಗದಲ್ಲಿ ಹ್ಯಾಂಡಲ್ ಅದುರುತ್ತದೆ. ಸ್ಟೀರಿಂಗ್ ಡ್ಯಾಂಪರ್ ಅದನ್ನು ಹತೋಟಿಗೆ ತರುತ್ತದೆ. ನಿಮ್ಮ ಮಾದರಿಗೆಂದೇ ತಯಾರಾದ ಕಿಟ್ ಬಿಟ್ಟು ಬೇರೆಯದನ್ನು ಹಾಕಬೇಡಿ, ವೆಲ್ಡಿಂಗ್ ಮಾಡಿಸಿ ಕೋನ ಬದಲಿಸುವ ಸಾಹಸಕ್ಕಂತೂ ಕೈಹಾಕಬೇಡಿ. ಇದೇ ಕಿಟ್ ಇರುವ ವಾಹನವನ್ನು ಮತ್ತೆ ಎರಡು ಚಕ್ರಕ್ಕೆ ಮಾರ್ಪಡಿಸಿ ಓಡಿಸುವುದು ಅಪಾಯ.

ಫೋರ್ಕ್ ಎಣ್ಣೆ ಬದಲಿಸುವಾಗ ಎಣ್ಣೆಯ ಪ್ರಮಾಣಕ್ಕಿಂತ ಮಟ್ಟ ಮುಖ್ಯ. ಸಾಮಾನ್ಯ ಫೋರ್ಕ್‌ಗಳಲ್ಲಿ ಸ್ಪ್ರಿಂಗ್ ಹೊರತೆಗೆದು, ಫೋರ್ಕನ್ನು ಪೂರ್ತಿ ಕುಗ್ಗಿಸಿ, ಕೊಳವೆಯ ಬಾಯಿಯಿಂದ ಎಣ್ಣೆಯವರೆಗಿನ ಅಂತರ ಅಳೆಯುತ್ತಾರೆ. ಎರಡೂ ಕಾಲುಗಳಲ್ಲಿ ಒಂದೇ ಇರಬೇಕು.

ಹಂತ 7: ಡ್ಯಾಂಪಿಂಗ್ ಹೊಂದಾಣಿಕೆ

ಹೊಂದಾಣಿಕೆಯ ಗುಂಡಿಯನ್ನು ಮೊದಲು ಪೂರ್ತಿ ಮುಚ್ಚುವವರೆಗೆ ಹಗುರವಾಗಿ ತಿರುಗಿಸಿ ಕ್ಲಿಕ್‌ಗಳನ್ನು ಎಣಿಸಿ ಬರೆದಿಡಿ, ನಂತರ ತಯಾರಕರು ಹೇಳಿದ ಸ್ಥಾನಕ್ಕೆ ತನ್ನಿ. ರಿಬೌಂಡ್‌ನಿಂದ, ಅಂದರೆ ಕುಗ್ಗಿದ ಶಾಕ್ ಮತ್ತೆ ಚಾಚುವುದನ್ನು ನಿಧಾನಿಸುವ ತಡೆಯಿಂದ, ಆರಂಭಿಸಿ. ದೇಹವನ್ನು ಬಲವಾಗಿ ಒತ್ತಿ ಬಿಟ್ಟಾಗ ಅದು ಒಮ್ಮೆ ಮೇಲೆದ್ದು ನಿಲ್ಲಬೇಕು. ಎರಡು ಮೂರು ಸಲ ಕುಪ್ಪಳಿಸಿದರೆ ರಿಬೌಂಡ್ ಕಡಿಮೆ. ಸಾಲುಗುಂಡಿಗಳ ರಸ್ತೆಯಲ್ಲಿ ವಾಹನ ಹೋಗುತ್ತಾ ಹೋಗುತ್ತಾ ಕುಸಿದು ಗಡುಸಾದರೆ ರಿಬೌಂಡ್ ಹೆಚ್ಚು. ಕಂಪ್ರೆಷನ್, ಅಂದರೆ ಶಾಕ್ ಕುಗ್ಗುವುದನ್ನು ನಿಧಾನಿಸುವ ತಡೆ, ಆಮೇಲೆ: ಚಿಕ್ಕ ಅಂಚುಗಳೂ ಬೆನ್ನಿಗೆ ಹೊಡೆದರೆ ಸಡಿಲಿಸಿ, ಬ್ರೇಕಿಗೆ ಮುಂಭಾಗ ಮುಗ್ಗರಿಸಿದರೆ ಬಿಗಿಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಒಂದೆರಡು ಕ್ಲಿಕ್.

ಹಂತ 8: ಅಲೈನ್‌ಮೆಂಟ್

ಎತ್ತರ ಬದಲಾದರೆ ಕೋನಗಳೂ ಬದಲಾಗುತ್ತವೆ, ಆದ್ದರಿಂದ ಇದು ಕೊನೆಯ ಕೆಲಸ. ಟ್ಯಾಡ್‌ಪೋಲ್‌ನಲ್ಲಿ ಹ್ಯಾಂಡಲನ್ನು ನೇರವಾಗಿ ಕಟ್ಟಿಹಾಕಿ, ಸವಾರನಷ್ಟು ತೂಕ ಸೀಟಿನ ಮೇಲಿಡಿ. ಹಿಂದಿನ ಚಕ್ರದ ನಡುರೇಖೆಗೆ ಸಮಾನಾಂತರವಾಗಿ, ಎರಡೂ ಬದಿಗೆ ಸಮದೂರದಲ್ಲಿ, ಮುಂದಿನ ಚಕ್ರಗಳನ್ನು ದಾಟುವಂತೆ ದಾರ ಬಿಗಿಯಾಗಿ ಕಟ್ಟಿ. ದಾರದಿಂದ ರಿಮ್‌ನ ಮುಂಚೂಣಿಗೆ ಮತ್ತು ಹಿಂದಿನ ಅಂಚಿಗೆ ಇರುವ ದೂರಗಳ ವ್ಯತ್ಯಾಸವೇ ಆ ಚಕ್ರದ ಟೋ. ಎಡಬಲಕ್ಕೆ ಅದು ಸಮವಾಗಿ ಹಂಚಿರಬೇಕು, ಕೈಪಿಡಿಯ ಮಿತಿಯೊಳಗಿರಬೇಕು. ಲೇಸರ್ ಉಪಕರಣವಿರುವ ಕಾರ್ಯಾಗಾರ ಸಿಕ್ಕರೆ ಇನ್ನೂ ಒಳ್ಳೆಯದು. ವಾಹನವನ್ನು ತಗ್ಗಿಸಿದ್ದರೆ ಚಕ್ರವನ್ನು ಕೈಯಾರೆ ಮೇಲೆ ಕೆಳಗೆ ಚಲಿಸಿ ಟೋ ಬದಲಾಗುತ್ತದೆಯೇ ನೋಡಿ; ಬದಲಾದರೆ ಪ್ರತಿ ಗುಂಡಿಯೂ ಸ್ಟೀರಿಂಗನ್ನು ಎಳೆಯುತ್ತದೆ.

ಡೆಲ್ಟಾದಲ್ಲಿ ಹಿಂದಿನ ಆ್ಯಕ್ಸಲ್‌ನ ಎರಡೂ ತುದಿಗಳಿಂದ ಸ್ವಿಂಗ್‌ಆರ್ಮ್ ಪಿವಟ್‌ಗೆ ಇರುವ ದೂರ ಸಮವಿದ್ದರೆ ಸಾಕು.

ಸ್ಪೈಡರ್‌ನಂಥ ವಾಹನಗಳಲ್ಲಿ ಸ್ಥಿರತೆ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಚಕ್ರದ ವೇಗ ಮತ್ತು ಸ್ಟೀರಿಂಗ್ ಕೋನವನ್ನು ಸೆನ್ಸರ್‌ಗಳಿಂದ ಓದುತ್ತದೆ. ಟೈರ್ ಗಾತ್ರ ಬದಲಿಸಿದರೆ ಅಥವಾ ಹ್ಯಾಂಡಲ್‌ನ ನಡುಸ್ಥಾನ ಸರಿದರೆ ಅದು ತಪ್ಪು ಓದುತ್ತದೆ. ಸೆನ್ಸರ್ ಮರುಹೊಂದಿಕೆಯನ್ನು ಅಧಿಕೃತ ಉಪಕರಣದಿಂದಲೇ ಮಾಡಿಸಿ.

ಹಂತ 9: ಪರೀಕ್ಷಾ ಸವಾರಿ

ಸಂಚಾರವಿಲ್ಲದ ವಿಶಾಲ ಜಾಗದಲ್ಲಿ, ಪೂರ್ಣ ರಕ್ಷಣಾ ಉಡುಪಿನೊಂದಿಗೆ, ನಡಿಗೆಯ ವೇಗದಿಂದ ಆರಂಭಿಸಿ. ಸೀಮೆಸುಣ್ಣದಿಂದ ದೊಡ್ಡ ವೃತ್ತ ಬರೆದು, ಎಡಕ್ಕೂ ಬಲಕ್ಕೂ ಒಂದೇ ವೇಗದಲ್ಲಿ ಸುತ್ತಿ. ಎರಡೂ ದಿಕ್ಕಿನಲ್ಲಿ ಒಂದೇ ರೀತಿ ಅನಿಸಬೇಕು. ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಒಳಚಕ್ರ ಹಗುರಾದ ಕೂಡಲೇ ನಿಲ್ಲಿಸಿ. ನೇರ ಬ್ರೇಕಿಂಗ್‌ನಲ್ಲಿ ವಾಹನ ಒಂದು ಕಡೆ ಎಳೆದರೆ ಅಲೈನ್‌ಮೆಂಟ್ ಮತ್ತು ಟೈರ್ ಒತ್ತಡಕ್ಕೆ ಹಿಂತಿರುಗಿ.

ಮೊದಲ 100 ಕಿ.ಮೀ. ಒಳಗೆ ಬಿಚ್ಚಿದ ಪ್ರತಿಯೊಂದು ಬೋಲ್ಟ್‌ನ ಟಾರ್ಕ್ ಮತ್ತೊಮ್ಮೆ ನೋಡಿ, ಬೋಲ್ಟ್ ತಲೆಗೂ ಬ್ರಾಕೆಟ್‌ಗೂ ಸೇರಿಸಿ ಬಣ್ಣದ ಗೆರೆ ಎಳೆಯಿರಿ. ಗೆರೆ ತುಂಡಾದರೆ ಬೋಲ್ಟ್ ತಿರುಗಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ಸ್ಟೀರಿಂಗ್ ಅಥವಾ ಎತ್ತರ ಬದಲಿಸಿದ್ದರೆ ನೋಂದಣಿ ನಿಯಮ ಮತ್ತು ವಿಮೆಯ ಷರತ್ತುಗಳನ್ನು ರಸ್ತೆಗಿಳಿಯುವ ಮೊದಲೇ ವಿಚಾರಿಸಿ. ಸ್ಯಾಗ್, ಕ್ಲಿಕ್ ಎಣಿಕೆ, ಟೈರ್ ಒತ್ತಡಗಳನ್ನು ಒಬ್ಬರೇ ಹೋಗುವಾಗಿನದು ಮತ್ತು ಹಿಂಬದಿ ಸವಾರರೊಂದಿಗೆ ಹೋಗುವಾಗಿನದು ಎಂದು ಎರಡು ಸಾಲಿನಲ್ಲಿ ಬರೆದು ಸೀಟಿನ ಕೆಳಗೆ ಇಟ್ಟುಕೊಂಡರೆ, ಪ್ರಯಾಣಕ್ಕೆ ಮುನ್ನ ಪ್ರೀಲೋಡ್ ಬದಲಿಸಲು ಐದು ನಿಮಿಷ ಸಾಕು.